ಫಾಲ್ಮತ್ ಊರಿನಲ್ಲಿ ನೋಡೋಕೆ ಏನೂ ಇಲ್ಲ ಅಂತಾರೆ, ನಿಜವಾ?

ಪ್ರಶ್ನೆ: ನಾವು ಫ್ಲೋರಿಡಾದಲ್ಲಿ ಇದ್ದೇವೆ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಜುಲೈ ಕೊನೆಯ ವಾರ ಎಲ್ಲರೂ ಸೇರಿ ಕ್ರೂಸ್ ಹೊರಟಿದ್ದೇವೆ. ಜಮೈಕಾದ ಫಾಲ್ಮತ್ ಬಂದರಿನಲ್ಲಿ ಹಡಗು ಬೆಳಿಗ್ಗೆ 8ರಿಂದ ಸಂಜೆ 5ರ ತನಕ ನಿಲ್ಲುತ್ತದೆ. ಹಿಂದೆ ಹೋಗಿಬಂದವರು "ಆ ಊರಲ್ಲಿ ಏನೂ ಇಲ್ಲ, ಬಸ್ ಹತ್ತಿ ಡನ್ಸ್ ರಿವರ್ ಜಲಪಾತಕ್ಕೆ ಹೋಗಿಬಿಡಿ" ಅಂತಾರೆ. ಅಮ್ಮನಿಗೆ 66 ವರ್ಷ, ಮಂಡಿ ನೋವು. ಅಪ್ಪನಿಗೆ ಇತಿಹಾಸ ಅಂದರೆ ಪ್ರಾಣ. ಹತ್ತು ವರ್ಷದ ಮಗಳಿಗೆ ರಾತ್ರಿ ಹೊಳೆಯುವ ನೀರು ನೋಡಲೇಬೇಕು ಅಂತ ಹಟ. ಏನು ಮಾಡೋದು ಹೇಳಿ.

ಉತ್ತರ: ಊರು ಬಿಟ್ಟು ಹೋಗಬೇಡಿ. ಇದೇ ನನ್ನ ಮೊದಲ ಮಾತು. ಡನ್ಸ್ ರಿವರ್ ಚೆಂದದ ಜಲಪಾತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಓಚೋ ರಿಯೋಸ್ ಅನ್ನೋ ಬೇರೆ ಊರಿನ ಹತ್ತಿರ ಇದೆ. ಹೋಗೋಕೆ ಒಂದು ಗಂಟೆಗೂ ಜಾಸ್ತಿ, ಬರೋಕೂ ಅಷ್ಟೇ. ಅಲ್ಲಿನ ಮಜಾ ಇರೋದು ಜಾರುವ ಬಂಡೆಗಳ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ನೀರಿಗೆ ಎದುರಾಗಿ ಹತ್ತೋದರಲ್ಲಿ. ನಿಮ್ಮ ತಾಯಿಯವರ ಮಂಡಿಗೆ ಅದು ಆಗದ ಕೆಲಸ. ಫಾಲ್ಮತ್‌ನಲ್ಲಿ ಹಡಗಿನ ಬಾಗಿಲಿಂದ ನಡೆದು ಹೋಗುವಷ್ಟು ದೂರದಲ್ಲೇ, ಇಡೀ ಕೆರಿಬಿಯನ್‌ನಲ್ಲಿ ಹೆಸರಾದ ಒಂದು ಹಳೆ ಊರು ನಿಮಗಾಗಿ ಕಾದಿದೆ.

ನಾನು ಹಳೆ ಕಟ್ಟಡಗಳ ದುರಸ್ತಿ ಕೆಲಸದವನು. ಸುಣ್ಣದ ಗಾರೆ, ಮರದ ತೊಲೆ, ಕಲ್ಲಿನ ಗೋಡೆ ನನ್ನ ದಿನದ ಮಾತು. ಫಾಲ್ಮತ್‌ಗೆ ಹೋದಾಗ ನನಗೆ ಒಂದು ವಿಷಯ ಗೊತ್ತಾಯಿತು. ಈ ಊರನ್ನು ಒಂದೊಂದೇ ಕಟ್ಟಡವಾಗಿ ನೋಡಿದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ, "ಏನೂ ಇಲ್ಲ" ಅನ್ನಿಸುತ್ತದೆ. ನೀರಿನ ಜಾಡು ಹಿಡಿದು ನೋಡಿದರೆ ಎಲ್ಲವೂ ಒಂದಕ್ಕೊಂದು ಸೇರಿಕೊಳ್ಳುತ್ತದೆ. ಗುಡ್ಡದಿಂದ ಇಳಿಯುವ ಮಾರ್ಥಾ ಬ್ರೇ ಅನ್ನೋ ಒಂದು ನದಿ. ಇಲ್ಲಿನ ಕುಡಿಯುವ ನೀರು, ಸುತ್ತಲಿನ ಕಬ್ಬಿನ ಗದ್ದೆ, ನಿಮ್ಮ ಮಗಳು ಕೇಳುತ್ತಿರುವ ಆ ಹೊಳೆಯುವ ನೀರು, ಎಲ್ಲದರ ಹಿಂದೆಯೂ ಆ ನದಿಯೇ ಇದೆ.

ಮೇಲಿನಿಂದಲೇ ಶುರುಮಾಡುತ್ತೇನೆ. ಫಾಲ್ಮತ್‌ನ ದಕ್ಷಿಣಕ್ಕೆ ಕಾಕ್‌ಪಿಟ್ ಕಂಟ್ರಿ ಅನ್ನೋ ಗುಡ್ಡಗಾಡು ಇದೆ. ಪೂರಾ ಸುಣ್ಣಕಲ್ಲು. ಲಕ್ಷಾಂತರ ವರ್ಷ ಮಳೆ ಬಿದ್ದು ಕಲ್ಲು ಕರಗಿ, ಮೊಟ್ಟೆ ಜೋಡಿಸಿಟ್ಟ ಹಾಗೆ ಸಾಲು ಸಾಲು ಗುಡ್ಡ, ನಡುನಡುವೆ ಬಟ್ಟಲಿನಂಥ ಆಳದ ಕುಳಿಗಳಾಗಿವೆ. ನೀರು ಮೇಲೆ ನಿಲ್ಲೋದೇ ಇಲ್ಲ, ನೆಲದೊಳಗೆ ಇಳಿದು ಗುಹೆಗಳಲ್ಲಿ ಹರಿಯುತ್ತದೆ. ಮಾರ್ಥಾ ಬ್ರೇ ಹೊರಗೆ ಕಾಣಿಸಿಕೊಳ್ಳೋದು ಅಲ್ಲಿನ ವಿಂಡ್ಸರ್ ಗುಹೆಯ ಹತ್ತಿರ. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಆಫ್ರಿಕಾದ ಜನ ಇದೇ ಕಾಡಿನಲ್ಲಿ ಊರು ಕಟ್ಟಿಕೊಂಡರು. ಅವರನ್ನು ಮರೂನರು ಅಂತ ಕರೆಯುತ್ತಾರೆ. ಕುದುರೆ, ಫಿರಂಗಿ ಇದ್ದ ಬ್ರಿಟಿಷ್ ಸೈನ್ಯಕ್ಕೂ ಆ ಕುಳಿಗಳಲ್ಲಿ ಅವರನ್ನು ಸೋಲಿಸಲು ಆಗಲಿಲ್ಲ. 1739ರಲ್ಲಿ ಅವರ ನಾಯಕ ಕಡ್ಜೋ ಜೊತೆ ಸರ್ಕಾರವೇ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅಪ್ಪನಿಗೆ ಹಡಗಿನಲ್ಲೇ ಈ ಕಥೆ ಹೇಳಿಡಿ. ಡೆಕ್ ಮೇಲೆ ನಿಂತು ದಕ್ಷಿಣಕ್ಕೆ ನೋಡಿದರೆ ದೂರದಲ್ಲಿ ಹಸಿರು ಗುಡ್ಡಗಳ ಸಾಲು ಕಾಣುತ್ತದೆ. ಇನ್ನೊಂದು ವಿಷಯ ಮಗಳಿಗೆ: ಆ ಗುಡ್ಡಗಳ ಬುಡದಲ್ಲಿರುವ ಶೆರ್ವುಡ್ ಕಂಟೆಂಟ್ ಅನ್ನೋ ಪುಟ್ಟ ಹಳ್ಳಿ ಉಸೇನ್ ಬೋಲ್ಟ್ ಊರು.

ಈಗ ಕೆಳಗಿನ ಊರಿಗೆ ಬರೋಣ. 1769ರಲ್ಲಿ ಥಾಮಸ್ ರೀಡ್ ಅನ್ನೋ ಜಮೀನುದಾರ ಸಮುದ್ರದ ದಡದ ತನ್ನ ಜಾಗದಲ್ಲಿ ಈ ಊರಿಗೆ ಅಡಿಪಾಯ ಹಾಕಿದ. ಆಗಿನ ಗವರ್ನರ್ ವಿಲಿಯಂ ಟ್ರೆಲಾನಿ ಹುಟ್ಟಿದ್ದು ಇಂಗ್ಲೆಂಡಿನ ಫಾಲ್ಮತ್‌ನಲ್ಲಿ. ಆ ಹೆಸರನ್ನೇ ಊರಿಗಿಟ್ಟರು, ಅವನ ಹೆಸರನ್ನು ಜಿಲ್ಲೆಗಿಟ್ಟರು. ಸುತ್ತಲೂ ಸುಮಾರು ನೂರು ಕಬ್ಬಿನ ತೋಟಗಳು ಎದ್ದವು. ಸಕ್ಕರೆ, ರಮ್ ತುಂಬಿದ ಪೀಪಾಯಿಗಳು ಇಲ್ಲಿಂದ ಇಂಗ್ಲೆಂಡಿಗೆ ಹೋದವು. ಬರುವಾಗ ಹಡಗುಗಳು ಇಟ್ಟಿಗೆ, ಕಬ್ಬಿಣ, ಬಟ್ಟೆ ತಂದವು. ಆಫ್ರಿಕಾದಿಂದ ಗುಲಾಮರಾಗಿ ಮನುಷ್ಯರನ್ನೂ ತಂದವು. ಆ ಹಣದಲ್ಲಿ, ಆ ಮನುಷ್ಯರ ಕೈಯಿಂದ ಎದ್ದ ಊರು ಇದು.

ಬಂದರಿನ ಗೇಟು ದಾಟಿದ ಕೂಡಲೇ ವಾಟರ್ ಸ್ಕ್ವೇರ್ ಸಿಗುತ್ತದೆ. ಅಲ್ಲಿ ನಿಂತುಕೊಳ್ಳಿ. ನಡುವೆ ಒಂದು ಕಾರಂಜಿ ಇದೆ. ಅದೇನೂ ದೊಡ್ಡ ಕಲಾಕೃತಿಯಲ್ಲ, ಜನ ನೋಡದೆ ಮುಂದೆ ಹೋಗುತ್ತಾರೆ. ಆದರೆ ಆ ಜಾಗದಲ್ಲಿ ಮೊದಲು ದೊಡ್ಡ ಕಲ್ಲಿನ ತೊಟ್ಟಿ ಇತ್ತು. 1799ರಲ್ಲಿ ಇಲ್ಲಿ ಒಂದು ನೀರಿನ ಕಂಪನಿ ಶುರುವಾಯಿತು. ಮಾರ್ಥಾ ಬ್ರೇ ನದಿಯಲ್ಲಿ ಬಕೆಟ್ ಕಟ್ಟಿದ ದೊಡ್ಡ ಚಕ್ರ ಇಟ್ಟು ನೀರೆತ್ತಿ, ಅಲ್ಲಿಂದ ಕೊಳವೆಯಲ್ಲಿ ಈ ತೊಟ್ಟಿಗೆ ಬಿಡುತ್ತಿದ್ದರು. ನ್ಯೂಯಾರ್ಕ್‌ಗಿಂತ ಮೊದಲೇ ನಮ್ಮೂರಿಗೆ ಕೊಳವೆ ನೀರು ಬಂದಿತ್ತು ಅಂತ ಇಲ್ಲಿನವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಬಿಂದಿಗೆ ಹಿಡಿದು ಸಾಲು ನಿಂತ ಜನರಿಂದಲೇ ಈ ಚೌಕಕ್ಕೆ ಜೀವ ಬಂದಿತ್ತು ಅಂತ ಸ್ವಲ್ಪ ಊಹಿಸಿಕೊಳ್ಳಿ. ಆ ಚಕ್ರದ ಉಳಿಕೆ ಮಾರ್ಥಾ ಬ್ರೇ ಹಳ್ಳಿಯ ಹತ್ತಿರ ಇನ್ನೂ ಇದೆ.

ಚೌಕದ ಪಕ್ಕದಲ್ಲೇ ಆಲ್ಬರ್ಟ್ ಜಾರ್ಜ್ ಮಾರುಕಟ್ಟೆ. 1894ರದ್ದು. ವಿಕ್ಟೋರಿಯಾ ರಾಣಿಯ ಇಬ್ಬರು ಮೊಮ್ಮಕ್ಕಳ ಹೆಸರು ಸೇರಿಸಿ ಇಟ್ಟದ್ದು. ಒಳಗೆ ಟೀ ಶರ್ಟ್, ಮರದ ಗೊಂಬೆ ಜಾಸ್ತಿ. ಬೇಗ ಮುಗಿಸಿ.

ನಿಜವಾಗಿ ನೋಡಬೇಕಾದದ್ದು ಬೀದಿಗಳು. ಮಾರ್ಕೆಟ್ ಸ್ಟ್ರೀಟ್, ಡ್ಯೂಕ್ ಸ್ಟ್ರೀಟ್ ಕಡೆ ನಿಧಾನಕ್ಕೆ ನಡೆಯಿರಿ. ಹಳೆ ಮನೆಗಳ ಕೆಳ ಅಂತಸ್ತು ಕಲ್ಲು ಇಲ್ಲವೇ ಇಟ್ಟಿಗೆ, ಮೇಲಂತಸ್ತು ಮರ. ಕೆಳಗೆ ಅಂಗಡಿ, ಮೇಲೆ ವಾಸ. ಮಹಡಿ ಮುಂದಕ್ಕೆ ಚಾಚಿಕೊಂಡು ಕಂಬಗಳ ಮೇಲೆ ನಿಂತಿರುತ್ತದೆ, ಅದರ ಕೆಳಗೆ ನೆರಳಿನಲ್ಲಿ ನಡೆದುಹೋಗಬಹುದು. ನಮ್ಮ ಹಳೆ ಪೇಟೆ ಬೀದಿಗಳ ಜಗಲಿ ನೆನಪಾಗುತ್ತದೆ. ಕಿಟಕಿಗಳಿಗೆ ಗಾಜಿನ ಬದಲು ಮರದ ಪಟ್ಟಿಗಳು. ಓರೆಯಾಗಿ ಜೋಡಿಸಿರುವುದರಿಂದ ಗಾಳಿ ಒಳಗೆ ಬರುತ್ತದೆ, ಬಿಸಿಲು ಬರೋದಿಲ್ಲ, ಮಳೆ ಇರಚಲೂ ತಟ್ಟೋದಿಲ್ಲ. ಇಂಗ್ಲೆಂಡಿನ ಜಾರ್ಜಿಯನ್ ಶೈಲಿಯ ನಕ್ಷೆಯನ್ನು ಸಮುದ್ರ ತೀರದ ಸೆಕೆಗೆ ಹೊಂದಿಸಿದ ಜಾಣ್ಮೆ ಇದು. ಆ ಜಾಣ್ಮೆ ಕಾಗದದ ಮೇಲೆ ಬರೆದವರದ್ದಷ್ಟೇ ಅಲ್ಲ. ಉಳಿ ಹಿಡಿದು ಕೆಲಸ ಮಾಡಿದ ಆಫ್ರಿಕಾ ಮೂಲದ ಬಡಗಿಗಳದ್ದು, ಗಾರೆ ಕೆಲಸದವರದ್ದು. ಒಬ್ಬರ ಹೆಸರೂ ಗೋಡೆಯ ಮೇಲಿಲ್ಲ.

ಒಂದು ಗೋಡೆಯ ಹತ್ತಿರ ಹೋಗಿ ನೋಡಿ, ಕೈಯಿಂದ ಮುಟ್ಟಿ. ಬಣ್ಣ ಉದುರಿದ ಕಡೆ ಕಲ್ಲಿನ ಸಂದಿಯಲ್ಲಿ ಮೆದುವಾದ ಬಿಳಿ ಗಾರೆ ಕಾಣುತ್ತದೆ, ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ. ಅದು ಇದೇ ನೆಲದ ಸುಣ್ಣಕಲ್ಲು ಸುಟ್ಟು ಮಾಡಿದ್ದು. ಅದು ದೋಷವಲ್ಲ, ಗುಣ. ಗೋಡೆ ಹೀರಿದ ತೇವವನ್ನು ಆ ಗಾರೆ ಹೊರಗೆ ಬಿಡುತ್ತದೆ. ಎಲ್ಲಿ ಅದರ ಮೇಲೆ ಸಿಮೆಂಟ್ ಮೆತ್ತಿದ್ದಾರೋ ಅಲ್ಲಿ ನೀರು ಒಳಗೇ ಸಿಕ್ಕಿಹಾಕಿಕೊಂಡು ಕಲ್ಲು ತಿನ್ನುತ್ತದೆ. ಉಪ್ಪುಗಾಳಿಯ ಊರಿನಲ್ಲಿ ಇದು ಇನ್ನೂ ಬೇಗ. ನನಗೆ ಅಂಥ ತೇಪೆ ಕಂಡರೆ ಸಂಕಟ ಆಗುತ್ತದೆ. ಸಮಾಧಾನದ ವಿಷಯ ಅಂದರೆ 2001ರಿಂದ ಫಾಲ್ಮತ್ ಹೆರಿಟೇಜ್ ರಿನ್ಯೂವಲ್ ಅನ್ನೋ ಸಂಸ್ಥೆ ಊರಿನ ಹುಡುಗ ಹುಡುಗಿಯರಿಗೆ ಹಳೆ ಮರಗೆಲಸ, ಗಾರೆ ಕೆಲಸ ಕಲಿಸಿ, ಅವರಿಂದಲೇ ಹಳೆ ಮನೆಗಳನ್ನು ರಿಪೇರಿ ಮಾಡಿಸಿತು. ದೊಡ್ಡ ಬಂಗಲೆಗಳಷ್ಟೇ ಅಲ್ಲ, ಬಡವರ ಎರಡು ಕೋಣೆಯ ಮರದ ಮನೆಗಳನ್ನೂ ಕೈಬಿಡಲಿಲ್ಲ. ಅಂಥ ಪುಟ್ಟ ಮನೆಗಳು ಒಳಬೀದಿಗಳಲ್ಲಿ ಕಾಣುತ್ತವೆ. ಅವನ್ನು ತಪ್ಪಿಸಿಕೊಳ್ಳಬೇಡಿ. ಗುಲಾಮಗಿರಿಯಿಂದ ಬಿಡುಗಡೆಯಾದ ಜನ ತಮಗಾಗಿ ಕಟ್ಟಿಕೊಂಡ ಮನೆ ಅಂದರೆ ಅಂಥದ್ದೇ.

ಸಮುದ್ರದ ಕಡೆಯ ಕೋರ್ಟ್‌ಹೌಸ್ ಎಲ್ಲರ ಫೋಟೋದಲ್ಲೂ ಇರುತ್ತದೆ. 1815ರಲ್ಲಿ ಕಟ್ಟಿದ್ದು, 1926ರ ಬೆಂಕಿಯಲ್ಲಿ ಸುಟ್ಟು ಆಮೇಲೆ ಮತ್ತೆ ಕಟ್ಟಿದ್ದು. ಹೊರಗಿನಿಂದಲೇ ಎರಡು ಕಡೆ ಏರುವ ಮೆಟ್ಟಿಲು ಚೆನ್ನಾಗಿದೆ. ಅಮ್ಮ ಹತ್ತಬೇಕಾಗಿಲ್ಲ. ಅಲ್ಲೇ ಹತ್ತಿರ ಜಾನ್ ಥಾರ್ಪ್ ಮನೆ ಇದೆ. ಗುಡ್ ಹೋಪ್ ಅನ್ನೋ ದೊಡ್ಡ ತೋಟದ ಒಡೆಯ, ಸಾವಿರಾರು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದವನು. ಮಾರ್ಕೆಟ್ ಸ್ಟ್ರೀಟಿನಲ್ಲಿ ಬ್ಯಾರೆಟ್ ಮನೆಯ ಅವಶೇಷ ಇದೆ. ಇಂಗ್ಲಿಷ್ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಇದೇ ಮನೆತನದವರು. 1790ರ ದಶಕದ ಸೇಂಟ್ ಪೀಟರ್ಸ್ ಚರ್ಚು ಊರಿನ ಅತ್ಯಂತ ಹಳೆಯ ಸಾರ್ವಜನಿಕ ಕಟ್ಟಡ, ಸುತ್ತಲೂ ಹಳೆ ಸಮಾಧಿಗಳು. ಇವೆಲ್ಲ ನೋಡುತ್ತಾ ಹೋಗಬಹುದು. ಆದರೆ ಸಮಯ ಕಡಿಮೆ ಇದ್ದರೆ ಇವನ್ನೆಲ್ಲ ಬಿಟ್ಟಾದರೂ ಒಂದು ಜಾಗಕ್ಕೆ ಹೋಗಲೇಬೇಕು.

ಅದು ವಿಲಿಯಂ ನಿಬ್ ಸ್ಮಾರಕ ಬ್ಯಾಪ್ಟಿಸ್ಟ್ ಚರ್ಚು. ಕಟ್ಟಡದ ದೃಷ್ಟಿಯಿಂದ ಸಾದಾ. ಹಳೆಯದನ್ನು 1944ರ ಚಂಡಮಾರುತ ಕೆಡವಿತು, ಈಗಿರುವುದು ಆಮೇಲೆ ಕಟ್ಟಿದ್ದು. ನಿಬ್ ಇಂಗ್ಲೆಂಡಿನಿಂದ ಬಂದ ಪಾದ್ರಿ. 1831ರ ಕ್ರಿಸ್ಮಸ್ ಹೊತ್ತಿಗೆ ಜಮೈಕಾದ ಪಶ್ಚಿಮ ಭಾಗದಲ್ಲಿ ಗುಲಾಮರು ದಂಗೆ ಎದ್ದರು. ಸ್ಯಾಮ್ ಶಾರ್ಪ್ ಅವರ ನಾಯಕ, ತಾನೂ ಗುಲಾಮ, ಬ್ಯಾಪ್ಟಿಸ್ಟ್ ಚರ್ಚಿನ ಹಿರಿಯ. ಕೂಲಿ ಕೊಡದೆ ಇನ್ನು ಕೆಲಸ ಮಾಡೋದಿಲ್ಲ ಅಂತ ಕೂರುವುದು ಅವನ ಯೋಚನೆಯಾಗಿತ್ತು. ಅದು ಬೆಂಕಿಯಾಗಿ ಹಬ್ಬಿತು. ಸೈನ್ಯ ಅದನ್ನು ಹೊಸಕಿಹಾಕಿತು. 300ಕ್ಕೂ ಹೆಚ್ಚು ಜನರನ್ನು ಕೊಂದರು. 1832ರ ಮೇ 23ರಂದು ಶಾರ್ಪ್‌ನನ್ನು ಮಾಂಟೆಗೋ ಬೇ ಪಟ್ಟಣದಲ್ಲಿ ಗಲ್ಲಿಗೇರಿಸಿದರು. ಪಾದ್ರಿಗಳೇ ಇದಕ್ಕೆ ಕಾರಣ ಅಂತ ತೋಟದ ಒಡೆಯರು ಸಿಟ್ಟಾದರು. ನಿಬ್‌ನ ಬಂಧನವಾಯಿತು, ಫಾಲ್ಮತ್‌ನ ಅವನ ಪ್ರಾರ್ಥನಾ ಮಂದಿರವನ್ನು ಒಡೆದು ಹಾಕಿದರು. ಬಿಡುಗಡೆಯಾದ ಮೇಲೆ ಅವನು ಇಂಗ್ಲೆಂಡಿಗೆ ಹೋಗಿ ಊರೂರು ಸುತ್ತಿ, ಪಾರ್ಲಿಮೆಂಟಿನ ಸಮಿತಿಗಳ ಮುಂದೆ ನಿಂತು ತಾನು ಕಂಡದ್ದನ್ನೆಲ್ಲ ಹೇಳಿದ. 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ಬಂತು. ಆದರೂ "ತರಬೇತಿ" ಅನ್ನೋ ಹೆಸರಿನಲ್ಲಿ ಮತ್ತೆ ಕೆಲವು ವರ್ಷ ಹಿಂಸೆ ನಡೆಯಿತು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರ ಆಗಸ್ಟ್ 1ಕ್ಕೆ.

ಅದರ ಹಿಂದಿನ ರಾತ್ರಿ, ಜುಲೈ 31ರಂದು, ಜನ ಈ ಚರ್ಚಿನಲ್ಲಿ ಕಿಕ್ಕಿರಿದು ಸೇರಿದ್ದರು. ಒಂದು ಶವಪೆಟ್ಟಿಗೆ ಮಾಡಿಸಿದ್ದರು. ಅದರೊಳಗೆ ಒಂದು ಸರಪಳಿ, ಒಂದು ಚಾಟಿ, ಕುತ್ತಿಗೆಗೆ ಹಾಕುವ ಕಬ್ಬಿಣದ ಪಟ್ಟಿ ಇಟ್ಟರು. ಗಡಿಯಾರ ಹನ್ನೆರಡು ಬಾರಿಸುವ ತನಕ ಕಾದರು. ಆಮೇಲೆ ಆ ಪೆಟ್ಟಿಗೆಯನ್ನು ಚರ್ಚಿನ ಅಂಗಳದಲ್ಲಿ ಹೂತರು. ತಮ್ಮ ಮೈಮೇಲೆ ಬಿದ್ದದ್ದೇ ಆ ಚಾಟಿ, ತಮ್ಮ ಕುತ್ತಿಗೆಗೆ ಹತ್ತಿದ್ದೇ ಆ ಪಟ್ಟಿ. ಅದರ ಮೇಲೆ ಮಣ್ಣು ಎಳೆದವರು ಆ ಜನವೇ. ಚರ್ಚಿನೊಳಗೆ ಒಂದು ಅಮೃತಶಿಲೆಯ ಫಲಕದಲ್ಲಿ ಈ ದೃಶ್ಯವನ್ನು ಕೆತ್ತಿದ್ದಾರೆ. ಬಾಗಿಲು ಹಾಕಿದ್ದರೆ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನೀವು ಹೋಗುತ್ತಿರುವುದು ಜುಲೈ ಕೊನೆಯ ವಾರ. ಅದೇ ದಿನಗಳು. ಆಗಸ್ಟ್ 1 ಜಮೈಕಾದಲ್ಲಿ ಈಗಲೂ ರಜಾ ದಿನ.

ಇಲ್ಲಿಂದ ನಮ್ಮ ದೇಶದ ಕಥೆಯೂ ಶುರುವಾಗುತ್ತದೆ. ಬಿಡುಗಡೆಯಾದವರು ಕಡಿಮೆ ಕೂಲಿಗೆ ಕಬ್ಬಿನ ಗದ್ದೆಗೆ ಮರಳಲಿಲ್ಲ. ಒಡೆಯರು ಭಾರತದ ಕಡೆ ನೋಡಿದರು. 1845ರ ಮೇ 10ರಂದು ಬ್ಲಂಡೆಲ್ ಹಂಟರ್ ಅನ್ನೋ ಹಡಗು ಮೊದಲ ಭಾರತೀಯ ಕರಾರು ಕೂಲಿಗಳನ್ನು ಜಮೈಕಾದ ದಕ್ಷಿಣ ತೀರದಲ್ಲಿ ಇಳಿಸಿತು. ಮುಂದಿನ ಎಪ್ಪತ್ತು ವರ್ಷದಲ್ಲಿ ಸುಮಾರು 36,000 ಜನ ಬಂದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು. ಇವತ್ತು ಜಮೈಕಾದ ಯಾವ ಹಬ್ಬದ ಊಟದಲ್ಲೂ ಇರುವ "ಕರಿ ಗೋಟ್" (ಮಸಾಲೆ ಹಾಕಿ ಬೇಯಿಸಿದ ಆಡಿನ ಮಾಂಸ), ರೋಟಿ ಅವರು ಬಿಟ್ಟುಹೋದ ರುಚಿ.

ಊಟದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ನೀವು ಸಸ್ಯಾಹಾರಿಗಳಾದರೆ "ಐಟಲ್" ಅಂತ ಕೇಳಿ. ರಾಸ್ತಾಫಾರಿ ಅನ್ನೋ ಜಮೈಕಾದ ಧಾರ್ಮಿಕ ಪಂಥದವರ ಅಡುಗೆ, ಮಾಂಸ ಇರೋದಿಲ್ಲ. ರಸ್ತೆ ಬದಿಯಲ್ಲಿ ಹೊಗೆ ಕಂಡರೆ ಅಲ್ಲಿ ನಿಲ್ಲಿ. ಕೆಂಡದ ಮೇಲೆ ಫುಟ್‌ಬಾಲ್ ಗಾತ್ರದ ಕಾಯಿ ಇಡಿಯಾಗಿ ಸುಡುತ್ತಿರುತ್ತಾರೆ. ಸಿಪ್ಪೆ ಪೂರ್ತಿ ಕಪ್ಪಾಗಿ, ತೊಟ್ಟಿನ ಕಡೆಯಿಂದ ಹಬೆ ಬರುವಾಗ ಇಳಿಸಿ, ಕರಿ ಸಿಪ್ಪೆ ಹೆರೆದು ಹೋಳು ಮಾಡಿ ಕೊಡುತ್ತಾರೆ. ಒಳಗೆ ತಿಳಿ ಹಳದಿ, ಹುರಿದ ಬ್ರೆಡ್ಡಿನ ವಾಸನೆ. ಅದು ನಮ್ಮ ಕರಾವಳಿಯ ಜೀಗುಜ್ಜೆಯೇ. ದೀವಿಹಲಸು ಅಂತಲೂ ಕರೆಯುತ್ತೇವಲ್ಲ, ಅದೇ ಮರ. ಗುಲಾಮರ ಹೊಟ್ಟೆಯನ್ನು ಕಡಿಮೆ ಖರ್ಚಿನಲ್ಲಿ ತುಂಬಿಸಬೇಕು ಅಂತ 1793ರಲ್ಲಿ ಕ್ಯಾಪ್ಟನ್ ಬ್ಲೈ ಟಹೀಟಿ ದ್ವೀಪದಿಂದ ಇದರ ಸಸಿಗಳನ್ನು ಜಮೈಕಾಗೆ ತಂದ. ಒಡೆಯರ ಲೆಕ್ಕಾಚಾರದಿಂದ ಬಂದ ಮರ ಈಗ ಬಡವರ ಹಿತ್ತಲಿನ ದೊಡ್ಡ ಆಸ್ತಿ.

ಮಧ್ಯಾಹ್ನ ನದಿಗೆ ಹೋಗಿ. ಊರಿನಿಂದ ಕೆಲವೇ ಕಿಲೋಮೀಟರ್ ಒಳಗೆ ಮಾರ್ಥಾ ಬ್ರೇ ಮೇಲೆ ಬಿದಿರಿನ ತೆಪ್ಪ ಸಿಗುತ್ತದೆ. ಸುಮಾರು 30 ಅಡಿ ಉದ್ದ, ಹಿಂದೆ ಇಬ್ಬರು ಕೂರುವ ಸೀಟು, ಮುಂದೆ ಒಬ್ಬರು ಉದ್ದ ಗಳ ಹಿಡಿದು ನಿಂತು ಹುಟ್ಟು ಹಾಕದೆ ನೆಲ ಒತ್ತಿಯೇ ನಡೆಸುತ್ತಾರೆ. ಮೂರು ಮೈಲಿ, ಒಂದು ಗಂಟೆಯ ಮೇಲೆ ಸ್ವಲ್ಪ. ಮೋಟಾರ್ ಇಲ್ಲ, ಜಿಗಿಯುವುದಿಲ್ಲ. ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಹತ್ತುವಾಗ ಇಳಿಯುವಾಗ ಮಾತ್ರ ಕೈ ಹಿಡಿದುಕೊಳ್ಳಿ, ಬಿದಿರು ಒದ್ದೆ ಇರುತ್ತದೆ. ಎರಡು ದಡದಲ್ಲೂ ಬಿದಿರು ಮೆಳೆಗಳು ಬಾಗಿ ನೆರಳು ಕೊಡುತ್ತವೆ. ಸುಣ್ಣಕಲ್ಲಿನ ಗುಡ್ಡದಿಂದ ಬಂದ ನೀರು, ಹಾಗಾಗಿ ಬಣ್ಣ ಹಸಿರು. ಬೆಳಿಗ್ಗೆ ನೀವು ನೋಡಿದ ಕಾರಂಜಿಯ ಜಾಗಕ್ಕೆ ಹರಿದು ಬರುತ್ತಿದ್ದದ್ದು ಇದೇ ನೀರು. ಚಿನ್ನದ ಗುಟ್ಟು ಹೇಳು ಅಂತ ಪೀಡಿಸಿದ ಸ್ಪೇನಿನವರನ್ನು ಮಾರ್ಥಾ ಬ್ರೇ ಅನ್ನೋ ಹೆಂಗಸು ನದಿಯ ದಾರಿ ತಿರುಗಿಸಿ ಮುಳುಗಿಸಿದಳು ಅನ್ನೋ ಕಥೆಯನ್ನು ತೆಪ್ಪದವರು ಹೇಳುತ್ತಾರೆ. ಮಗಳನ್ನು ಅಜ್ಜಿಯ ಜೊತೆ ಕೂರಿಸಿ ಅದನ್ನು ಕೇಳಿಸಿ.

ಇನ್ನು ಹೊಳೆಯುವ ನೀರು. ಬೇಜಾರಿನ ಸುದ್ದಿ: ನಿಮ್ಮ ಹಡಗು 5ಕ್ಕೆ ಹೊರಡುತ್ತದೆ. ಬೆಳಕು ಕಾಣಬೇಕಾದರೆ ಗಾಢ ಕತ್ತಲೆ ಬೇಕು. ಹಗಲಿನಲ್ಲಿ ಅದು ಬರೀ ಒಂದು ಹಿನ್ನೀರು. ಊರಿನ ಪೂರ್ವಕ್ಕೆ ರಾಕ್ ಅನ್ನೋ ಜಾಗದಲ್ಲಿ ಮಾರ್ಥಾ ಬ್ರೇ ಸಮುದ್ರ ಸೇರುತ್ತದೆ. ಸುತ್ತ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಸಿಹಿನೀರು ಮೇಲೆ ತೇಲುತ್ತದೆ, ಉಪ್ಪುನೀರು ಕೆಳಗೆ. ಆಳ ಕಡಿಮೆ, ಬಿಸಿ ಜಾಸ್ತಿ, ಎಲೆ ಕೊಳೆತ ಸಾರ ಬೇಕಾದಷ್ಟು. ಅಂಥ ಕಡೆ ಪೈರೋಡಿನಿಯಂ ಅನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕೋಟಿಗಟ್ಟಲೆ ಬೆಳೆಯುತ್ತವೆ. ನೀರು ಅಲುಗಿದರೆ ಒಂದೊಂದೂ ಕ್ಷಣಮಾತ್ರ ನೀಲಿಯಾಗಿ ಮಿನುಗುತ್ತದೆ. ದೋಣಿಯಿಂದ ಕೈ ಇಳಿಬಿಟ್ಟರೆ ಬೆರಳುಗಳ ಸುತ್ತ ನೀಲಿ ಗೆರೆ ಏಳುತ್ತದೆ. ಕೈ ಮೇಲೆತ್ತಿದರೆ ಮೊಣಕೈವರೆಗೆ ಕಿಡಿ ಕಿಡಿ ಜಾರಿ ಹನಿಯುತ್ತದೆ. ಕೆಳಗೆ ಮೀನು ಓಡಿದ ದಾರಿಯೂ ಬೆಳಕಿನ ಗೆರೆಯಾಗಿ ಕಾಣುತ್ತದೆ. ಫೋನಿನಲ್ಲಿ ಇದು ಸರಿಯಾಗಿ ಬರೋದಿಲ್ಲ, ಸುಮ್ನೆ ನೋಡಬೇಕು.

ಕೆಲವು ಜೋಪಾನದ ಮಾತು. ಜಮೈಕಾದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ಇಲ್ಲ. ಜುಲೈನಲ್ಲಿ ಮಯಾಮಿಗಿಂತ ಒಂದು ಗಂಟೆ ಹಿಂದೆ ಇರುತ್ತದೆ. ನಿಮ್ಮ ಫೋನು ತಾನಾಗಿ ಸಮಯ ಬದಲಿಸಿಕೊಳ್ಳಬಹುದು, ಹಡಗಿನ ಗಡಿಯಾರ ಬೇರೆ ಇರಬಹುದು. ಇಳಿಯುವಾಗ ಹಡಗಿನ ಸಮಯ ಕೇಳಿಕೊಂಡೇ ಇಳಿಯಿರಿ. ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿದ್ದರೆ ಅದು ಅಮೆರಿಕಕ್ಕೆ ಮತ್ತೆ ಪ್ರವೇಶ ಕೊಡುವ ವೀಸಾ ಹೌದಾ ಅಂತ ಈಗಲೇ ನೋಡಿ. 2025ರ ಅಕ್ಟೋಬರ್ 28ರಂದು ಮೆಲಿಸಾ ಚಂಡಮಾರುತ ಪಶ್ಚಿಮ ಜಮೈಕಾಗೆ ಬಡಿಯಿತು. ಆದ್ದರಿಂದ ಚರ್ಚು, ತೆಪ್ಪ, ಯಾವುದು ತೆರೆದಿದೆ ಅಂತ ಹೋಗುವ ವಾರ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಬೀದಿ ಸುತ್ತೋಕೆ ಊರಿನವರನ್ನೇ ಗೈಡ್ ಆಗಿ ಕರೆದುಕೊಳ್ಳಿ. 2011ರಲ್ಲಿ ಈ ದೊಡ್ಡ ಬಂದರು ಶುರುವಾದಾಗಿನಿಂದ ಒಂದೊಂದು ಹಡಗಿನಲ್ಲಿ 5,000ಕ್ಕೂ ಹೆಚ್ಚು ಜನ ಬಂದಿಳಿಯುತ್ತಾರೆ. ಊರಿನ ಜನಸಂಖ್ಯೆ 10,000 ದಾಟೋದಿಲ್ಲ. ಬಂದವರಲ್ಲಿ ಬಹಳಷ್ಟು ಜನ ಗೇಟಿನೊಳಗಿನ ಅಂಗಡಿಗಳಲ್ಲೇ ಉಳಿಯುತ್ತಾರೆ, ಇಲ್ಲವೇ ಬಸ್ ಹತ್ತಿ ದೂರ ಹೋಗುತ್ತಾರೆ. ನೀವು ಗೇಟಿನ ಹೊರಗೆ ತಿಂದ ಒಂದು ಹೋಳು ಜೀಗುಜ್ಜೆ, ಗೈಡ್‌ಗೆ ಕೊಟ್ಟ ಹಣ ನೇರ ಊರಿಗೆ ಹೋಗುತ್ತದೆ.

ಮಗಳಿಗೆ ಈ ಸಲ ತೆಪ್ಪದಿಂದ ಆ ನದಿಯನ್ನು ತೋರಿಸಿ, ಇದೇ ನೀರು ಕೆಳಗೆ ಹೋಗಿ ಹೊಳೆಯುತ್ತದೆ ಅಂತ ಹೇಳಿ. ಇನ್ನೊಮ್ಮೆ ವಿಮಾನದಲ್ಲಿ ಮಾಂಟೆಗೋ ಬೇಗೆ ಇಳಿದು ಒಂದು ರಾತ್ರಿ ಫಾಲ್ಮತ್ ಹತ್ತಿರವೇ ತಂಗಿ. ಹುಣ್ಣಿಮೆ ಆಸುಪಾಸು ಹೋದರೆ ಚಂದ್ರನ ಬೆಳಕಿಗೆ ನೀರಿನ ಬೆಳಕು ಮಂಕಾಗುತ್ತದೆ, ಅಮಾವಾಸ್ಯೆ ಹತ್ತಿರ ಆದರೆ ಚೆನ್ನ. ಪಂಚಾಂಗ ನೋಡಿ ದಿನ ಗೊತ್ತುಮಾಡುವ ಕೆಲಸವನ್ನು ನಿಮ್ಮ ತಾಯಿಯವರಿಗೇ ಬಿಡಿ.